ಹುಡುಗಿಯರ ತಂಡಕ್ಕೆ ಕೋಚ್ ಹುಡುಕಿದ ಕಥೆ

ಮೀಟಿಂಗ್‌ಗೆ ಬಾರದವರ ತಲೆಗೆ ಕೆಲಸ ಕಟ್ಟುವುದು ನಮ್ಮ ಬೀದಿಯ ಗಣೇಶನ ಕಮಿಟಿಯಲ್ಲೂ ಇತ್ತು, ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇದೆ. ಆ ಆಗಸ್ಟ್‌ನಲ್ಲಿ ನಮ್ಮೂರಿನ ಹುಡುಗಿಯರ ಸಾಫ್ಟ್‌ಬಾಲ್, ಅಂದರೆ ಬೇಸ್‌ಬಾಲಿನ ತಂಗಿಯಂಥ ಆಟದ, ಲೀಗಿನ ವಾರ್ಷಿಕ ಸಭೆ ಒಂದು ಶುಕ್ರವಾರ ಸಂಜೆ ಬಿದ್ದಿತ್ತು. ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ನಾನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಇಮೇಲ್ ಬಂತು: ಅಭಿನಂದನೆಗಳು, ಈ ವರ್ಷದ ಕೋಚ್ ಕೋಆರ್ಡಿನೇಟರ್ ನೀವೇ.

ಕೆಲಸ ಇಷ್ಟೇ. ಪ್ರತಿ ತಂಡಕ್ಕೂ ಒಬ್ಬ ಹೆಡ್ ಕೋಚ್ ಹುಡುಕಬೇಕು, ಮಾತಾಡಿಸಬೇಕು, ಬೋರ್ಡಿನ ಮುಂದೆ ಹೆಸರು ಇಡಬೇಕು. ಬೋರ್ಡ್ ಒಪ್ಪಿದರೆ ಒಂದು ಸೀಸನ್ನಿಗೆ ಮಾತ್ರ ಅವರು ಕೋಚ್. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಅವರಿಗೂ ಸಂಬಳ ಇಲ್ಲ, ನನಗೂ ಇಲ್ಲ. ಎಲ್ಲರೂ ಯಾವುದೋ ಒಂದು ಹುಡುಗಿಯ ಅಪ್ಪ ಅಥವಾ ಅಮ್ಮ. ತೊಂದರೆ ಶುರುವಾಗುವುದೇ ಅಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ಈ ಆಟದ ಗಂಧಗಾಳಿ ಇರಲಿಲ್ಲ. ಹಾಸನದ ಸ್ಕೂಲಿನಲ್ಲಿ ಥ್ರೋಬಾಲ್ ಮತ್ತು ಖೋ ಖೋ ಆಡಿದವಳು ನಾನು. ಮಗಳು ಎರಡನೇ ಕ್ಲಾಸಿನಲ್ಲಿ ಗೆಳತಿಯ ಹಿಂದೆ ಹೋಗಿ ಸೇರಿಕೊಂಡಳು. ಹೆಸರಿನಲ್ಲಿ ಸಾಫ್ಟ್ ಇದೆಯಲ್ಲ, ಮೆತ್ತಗಿರುತ್ತದೆ ಅಂದುಕೊಂಡು ಮೊದಲ ದಿನ ಬರಿಗೈಯಲ್ಲಿ ಹಿಡಿದೆ. ಎರಡು ದಿನ ಚಪಾತಿ ಲಟ್ಟಿಸಲು ಆಗಲಿಲ್ಲ. 1887ರಲ್ಲಿ ಶಿಕಾಗೋದ ಒಂದು ಬೋಟ್ ಕ್ಲಬ್ಬಿನ ಒಳಗೆ ಈ ಆಟ ಹುಟ್ಟಿದಾಗ ಬಾಕ್ಸಿಂಗ್ ಗ್ಲೋವ್ ಒಂದನ್ನು ಸುತ್ತಿ ಕಟ್ಟಿ ಚೆಂಡು ಮಾಡಿದ್ದರಂತೆ. ಆಗ ಮೆತ್ತಗಿತ್ತು. ಈಗ ಹೆಸರು ಮಾತ್ರ ಉಳಿದಿದೆ.

ಕೋಚ್ ಆಯ್ಕೆಯಲ್ಲಿ ಎಲ್ಲಕ್ಕಿಂತ ಕಷ್ಟ 10ಯು, ಅಂದರೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ವಿಭಾಗ. ನಮ್ಮಲ್ಲಿ 8ಯು ತನಕ ಕೋಚೇ ಚೆಂಡು ಎಸೆಯುತ್ತಾರೆ, ಮಕ್ಕಳು ಹೊಡೆಯುತ್ತಾರೆ. ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಾರೆ. 10ಯು ಬಂದಾಗ ಹುಡುಗಿಯರೇ ಪಿಚ್ ಮಾಡಬೇಕು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯಬೇಕು. ಚೆಂಡಿನ ಸುತ್ತಳತೆ 11 ಇಂಚು. ಕ್ರಿಕೆಟ್ ಚೆಂಡು ಸುಮಾರು 9 ಇಂಚು, ಲೆಕ್ಕ ಹಾಕಿಕೊಳ್ಳಿ. ಎಸೆಯುವ ದೂರ 35 ಅಡಿ, ಅಂದರೆ ಕ್ರಿಕೆಟ್ ಪಿಚ್ಚಿನ ಅರ್ಧಕ್ಕಿಂತ ಚೂರು ಜಾಸ್ತಿ. ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಬಿಡಬೇಕು. ಒಂಬತ್ತು ವರ್ಷದ ಹುಡುಗಿ ಅದನ್ನು ಮೊದಲ ಸಲ ಮಾಡುವಾಗ ಚೆಂಡು ಎಲ್ಲಿ ಬೇಕಾದರೂ ಹೋಗಬಹುದು. ಬ್ಯಾಟರ್ ಬೆನ್ನಿಗೆ, ಅಂಪೈರ್ ಕಾಲಿಗೆ, ಹಿಂದಿನ ಬೇಲಿಗೆ. ಒಂದರ ಹಿಂದೆ ಒಂದು ವಾಕ್ (ನಾಲ್ಕು ಎಸೆತ ದಾರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟಿ), ರನ್ ಸುಮ್ನೆ ಏರುತ್ತಾ ಹೋಗುತ್ತದೆ. ಮಧ್ಯದ ವೃತ್ತದಲ್ಲಿ ಒಂದು ಮಗು ಒಂಟಿಯಾಗಿ ನಿಂತಿರುತ್ತದೆ. ಎಲ್ಲರ ಕಣ್ಣು ಅವಳ ಮೇಲೆ. ಆಗ ಡಗೌಟಿನಲ್ಲಿ ನಿಂತ ದೊಡ್ಡವರು ಏನು ಮಾಡುತ್ತಾರೆ? ಮುಂದಿನ ವರ್ಷ ಆ ಹುಡುಗಿ ಬರುತ್ತಾಳೋ ಇಲ್ಲವೋ ಅನ್ನುವುದು ಹೆಚ್ಚುಕಡಿಮೆ ಅಲ್ಲೇ ತೀರ್ಮಾನವಾಗುತ್ತದೆ.

ಇದೆಲ್ಲ ನನಗೆ ಮೊದಲ ವರ್ಷ ಗೊತ್ತಿರಲಿಲ್ಲ.

ನವೆಂಬರ್‌ನಲ್ಲಿ ಅರ್ಜಿ ಕರೆದೆವು. 10ಯುಗೆ ಆರು ತಂಡ, ಬಂದ ಅರ್ಜಿ ನಾಲ್ಕು. ನಾಲ್ಕೂ ಅಪ್ಪಂದಿರದ್ದು. ಉಳಿದ ಎರಡಕ್ಕಾಗಿ ನಾನು ಸುಮಾರು ಮೂವತ್ತು ಮನೆಗೆ ಫೋನ್ ಮಾಡಿದೆ. ಕುಂಟು ನೆಪಗಳಲ್ಲಿ ನಾನೀಗ ಪಂಡಿತೆ. ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್. ಮೊಣಕಾಲು. ಚಿಕ್ಕವನಿಗೆ ಸ್ವಿಮ್ಮಿಂಗ್. ಒಬ್ಬರು ನಾಯಿ ಮರಿ ತಂದಿದ್ದೇವೆ ಎಂದರು. ಅಮ್ಮಂದಿರ ನೆಪ ಮಾತ್ರ ಬೇರೆ. ಹತ್ತರಲ್ಲಿ ಎಂಟು ಜನ ಹೇಳಿದ್ದು ಒಂದೇ ಮಾತು: ನನಗೆ ಆಟ ಅಷ್ಟು ಬರುವುದಿಲ್ಲ. ಅವರಲ್ಲಿ ಒಬ್ಬರು, ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಕ್ಯಾಚರ್ (ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ) ಆಗಿ ಆಡಿದವರು, ಈಗ ಆಸ್ಪತ್ರೆಯಲ್ಲಿ ನರ್ಸ್. ಅವರೂ ಅದನ್ನೇ ಹೇಳಿದರು. ಅದೇ ವಾರ ಜೀವಮಾನದಲ್ಲಿ ಸಾಫ್ಟ್‌ಬಾಲ್ ಮುಟ್ಟದ ಒಬ್ಬ ಅಪ್ಪ, ಯೂಟ್ಯೂಬಿನಲ್ಲಿ ಎಲ್ಲ ಇದೆ ಬಿಡಿ ಎಂದು ಅರ್ಜಿ ಹಾಕಿದರು. ನಾನು ಇಬ್ಬರ ಮಾತನ್ನೂ ನಂಬಿದೆ. ಅದೇ ನನ್ನ ಮೊದಲ ತಪ್ಪು.

ಕಾಗದಪತ್ರದ್ದು ಒಂದು ಹನುಮಂತನ ಬಾಲ. ಕ್ಯಾಲಿಫೋರ್ನಿಯಾದಲ್ಲಿ ಎಬಿ 506 ಎಂಬ ಕಾನೂನು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಮಕ್ಕಳ ಜೊತೆ ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಜಾಸ್ತಿ ಇರುವ ವಾಲಂಟಿಯರ್‌ಗಳೆಲ್ಲ ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ ಮಾಡಿಸಬೇಕು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದೆ ಎಂದು ಅನುಮಾನ ಬಂದರೆ ಹೇಗೆ ವರದಿ ಮಾಡಬೇಕು ಎಂಬ ತರಬೇತಿ ಮುಗಿಸಬೇಕು. ಮಕ್ಕಳ ಜೊತೆ ಸಾಧ್ಯವಾದಷ್ಟೂ ಇಬ್ಬರು ದೊಡ್ಡವರು ಇರುವ ಹಾಗೆ ನೋಡಿಕೊಳ್ಳಬೇಕು. ಇದರ ಮೇಲೆ ಆಟದಲ್ಲಿ ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡುವ ಸೇಫ್‌ಸ್ಪೋರ್ಟ್ ಕೋರ್ಸ್. ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು ಎಂಬ ಇನ್ನೊಂದು ಕೋರ್ಸ್. ಬೋರ್ಡಿನವರಿಗೂ ಬಿಡುಗಡೆ ಇಲ್ಲ. ನನ್ನ ಬೆರಳಚ್ಚು ಮೊದಲ ಸಲ ಮೂಡಲೇ ಇಲ್ಲ. ಮಷಿನ್ ಹಿಂದೆ ಕೂತಿದ್ದ ಹೆಂಗಸು ನನ್ನ ಬೆರಳು ನೋಡಿ, ಪಾತ್ರೆ ಜಾಸ್ತಿ ತೊಳೆಯುತ್ತೀರಾ ಎಂದು ಕೇಳಿದಳು.

ಅಪ್ಪಂದಿರು ಗೊಣಗಿದರು. ನನ್ನ ಮೇಲೆ ಅನುಮಾನವೇ, ನಾನೇನು ಕಳ್ಳನೇ ಅಂತ. ನನಗೆ ಆ ಗೊಣಗಾಟದ ಬಗ್ಗೆ ಸಹನೆ ಕಡಿಮೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ವರ್ಷಗಟ್ಟಲೆ ಹುಡುಗಿಯರಿಗೆ ಚಿಕಿತ್ಸೆಯ ಹೆಸರಿನಲ್ಲಿ ಮಾಡಿದ ಲೈಂಗಿಕ ದೌರ್ಜನ್ಯ ಎಲ್ಲರಿಗೂ ಗೊತ್ತು. 2018ರ ಜನವರಿಯಲ್ಲಿ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಹೆಂಗಸರು, ಹುಡುಗಿಯರು ಎದ್ದು ನಿಂತು ಮಾತಾಡಿದರು. ಮುಂದಿನ ತಿಂಗಳೇ ಸೇಫ್‌ಸ್ಪೋರ್ಟ್ ಕಾನೂನಿಗೆ ಸಹಿ ಬಿತ್ತು. ಅಷ್ಟು ವರ್ಷ ಅವನನ್ನು ಎಲ್ಲರೂ ಒಳ್ಳೆಯ ಮನುಷ್ಯ ಎಂದೇ ಹೇಳುತ್ತಿದ್ದರು, ಅಲ್ವಾ? ಹಾಗಾಗಿ ಕಾಗದ ಮುಗಿಸದವರ ಕೈಗೆ ನಾನು ಚೆಂಡಿನ ಚೀಲ ಕೊಡುತ್ತಿರಲಿಲ್ಲ. ಒಬ್ಬರು ಸಿಟ್ಟು ಮಾಡಿಕೊಂಡು ಅರ್ಜಿ ವಾಪಸ್ ತೆಗೆದುಕೊಂಡರು. ಹೋಗಲಿ ಬಿಡಿ.

ಡಿಸೆಂಬರ್‌ನಲ್ಲಿ ಲೈಬ್ರರಿಯ ಚಿಕ್ಕ ಕೋಣೆಯಲ್ಲಿ ಸಂದರ್ಶನ. ಒಂಥರಾ ವಧುಪರೀಕ್ಷೆ, ಉಪ್ಪಿಟ್ಟು ಕೇಸರಿಬಾತ್ ಮಾತ್ರ ಇಲ್ಲ. ನಾನು ಕೇಳಿದ ಪ್ರಶ್ನೆಗಳೆಲ್ಲ ಆಟದ ಬಗ್ಗೆಯೇ. ಎಷ್ಟು ವರ್ಷ ಆಡಿದ್ದೀರಿ, ಪ್ರಾಕ್ಟೀಸ್ ಹೇಗೆ ಮಾಡಿಸುತ್ತೀರಿ, ಚೆಂಡನ್ನು ಬ್ಯಾಟಿಗೆ ಮೆತ್ತಗೆ ತಾಗಿಸುವ ಬಂಟ್ ಹೇಗೆ ಕಲಿಸುತ್ತೀರಿ. ಉತ್ತರ ಸರಿಯೋ ತಪ್ಪೋ ಎಂದು ಹೇಳುವಷ್ಟು ಜ್ಞಾನ ನನಗೇ ಇರಲಿಲ್ಲ, ಆದರೂ ತಲೆಯಾಡಿಸಿದೆ. ಒಬ್ಬರು ದಪ್ಪ ಬೈಂಡರ್ ತಂದಿದ್ದರು. ಬಣ್ಣ ಬಣ್ಣದ ಟ್ಯಾಬ್. ವಾರಕ್ಕೊಂದು ಪುಟ, ನಿಮಿಷಕ್ಕೊಂದು ಡ್ರಿಲ್. ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದವರು. ಆರು ವರ್ಷದಿಂದ ಲೀಗಿನ ಮೈದಾನದ ಕೆಲಸ ಪೂರ್ತಿ ಅವರದ್ದೇ. ಮಳೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಬಂದು ನೀರು ಹೊರಗೆ ಹಾಕಿ, ಮಣ್ಣು ಎಳೆದು, ಗೆರೆ ಹಾಕುತ್ತಿದ್ದರು. ಇದಕ್ಕಿಂತ ಇನ್ನೇನು ಬೇಕು? ಬೋರ್ಡಿನಲ್ಲಿ ಅವರ ಹೆಸರು ಒಂದೇ ನಿಮಿಷದಲ್ಲಿ ಪಾಸಾಯಿತು.

ಈಗ ಅಪ್ಪ ಮಗಳ ವಿಷಯಕ್ಕೆ ಬರುತ್ತೇನೆ. ಕೋಚ್ ಒಬ್ಬರೇ ಬರುವುದಿಲ್ಲ. ಜೊತೆಗೆ ಮಗಳು. ಅವರ ಅಸಿಸ್ಟೆಂಟ್ ಒಬ್ಬ ಗೆಳೆಯ, ಆ ಗೆಳೆಯನ ಮಗಳು. ಡ್ರಾಫ್ಟ್, ಅಂದರೆ ಕೋಚ್‌ಗಳು ಸುತ್ತಿನ ಮೇಲೆ ಸುತ್ತು ಹುಡುಗಿಯರನ್ನು ಆರಿಸಿಕೊಳ್ಳುವುದು, ಶುರುವಾಗುವ ಮೊದಲೇ ತಂಡದಲ್ಲಿ ಎರಡು ಜಾಗ ಭರ್ತಿ. ಆ ಇಬ್ಬರೂ ಒಳ್ಳೆಯ ಪಿಚರ್‌ಗಳಾದರೆ ಮುಗಿಯಿತು, ಬೇರೆ ತಂಡಗಳು ಬಾಯಿ ಬಾಯಿ ಬಿಡಬೇಕು. ಅದಕ್ಕೆ ಜನವರಿಯಲ್ಲಿ ಇವ್ಯಾಲ್ಯುಯೇಶನ್ ಇಡುತ್ತೇವೆ. ಪ್ರತಿ ಹುಡುಗಿಯೂ ಎಸೆದು, ಹಿಡಿದು, ಹೊಡೆದು, ಓಡಿ ತೋರಿಸುತ್ತಾಳೆ. ಅಂಕ ಹಾಕುತ್ತೇವೆ. ಕೋಚಿನ ಮಗಳಿಗೆ ಎರಡನೇ ಸುತ್ತಿನ ಅಂಕ ಬಂದರೆ ಆ ಕೋಚಿಗೆ ಎರಡನೇ ಸುತ್ತಿನ ಆಯ್ಕೆ ಖರ್ಚಾದ ಹಾಗೆ. ಲೆಕ್ಕ ಸರಿ ಇದೆ. ಆದರೆ ರಂಗೋಲಿ ಕೆಳಗೆ ತೂರುವವರೂ ಇದ್ದಾರೆ. ಆ ವರ್ಷ ಒಬ್ಬ ಹುಡುಗಿ ಇವ್ಯಾಲ್ಯುಯೇಶನ್‌ನಲ್ಲಿ ಒಂದು ಚೆಂಡನ್ನೂ ಸರಿಯಾಗಿ ಎಸೆಯಲಿಲ್ಲ. ಪಾಪ ಎಂದುಕೊಂಡೆ. ಕೆಳಗೆ ಬಂದು ಗ್ಲೋವ್ ತೆಗೆಯುತ್ತಾ ನನ್ನ ಮಗಳ ಕಿವಿಯಲ್ಲಿ, ಇವತ್ತು ಚೆನ್ನಾಗಿ ಎಸೆಯಬೇಡ ಅಂತ ಅಪ್ಪ ಹೇಳಿದ್ದಾರೆ ಎಂದಳಂತೆ. ಒಂಬತ್ತು ವರ್ಷದ ಮಗುವಿಗೆ ಸುಳ್ಳು ಹೇಳಿಕೊಟ್ಟು ಗೆದ್ದ ಟ್ರೋಫಿ ಐದು ಡಾಲರ್ ಪ್ಲಾಸ್ಟಿಕ್ಕು.

ಮಾರ್ಚ್‌ನಲ್ಲಿ ಸೀಸನ್ ಶುರುವಾಯಿತು. ಏಪ್ರಿಲ್ ಮಧ್ಯದಲ್ಲಿ ಒಬ್ಬರು ಅಮ್ಮ ಫೋನ್ ಮಾಡಿದರು. ಬೈಂಡರ್ ತಂಡದ ಹುಡುಗಿ. ಶನಿವಾರ ಬಂದರೆ ಹೊಟ್ಟೆನೋವು ಅನ್ನುತ್ತಾಳೆ ಎಂದರು. ಹಿಂದಿನ ವಾರ ಇನ್ನೊಂದು ಮನೆಯಿಂದಲೂ ಹೀಗೇ ಒಂದು ಮೆಸೇಜ್ ಬಂದಿತ್ತು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಹೋಗಿ ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

ಕೂಗಾಡುವ ಕೋಚ್ ಅಂದುಕೊಂಡು ಹೋಗಿದ್ದೆ. ಅವರು ಕೂಗುವವರೇ ಅಲ್ಲ. ಒಬ್ಬ ಹುಡುಗಿಯ ಕಾಲಿನ ಮಧ್ಯೆ ಚೆಂಡು ನುಸುಳಿ ಹೋಯಿತು. ಅವರು ಟೈಮ್ ಕೇಳಿದರು. ಇನಿಂಗ್ಸ್ ನಡುವೆಯೇ ಅವಳನ್ನು ಹೊರಗೆ ಕರೆದು ಇನ್ನೊಬ್ಬಳನ್ನು ಕಳಿಸಿದರು. ಅಷ್ಟೇ. ಒಂದು ಮಾತೂ ಇಲ್ಲ. ಆ ಹುಡುಗಿ ಎಲ್ಲರ ಮುಂದೆ ಮೈದಾನದ ಅಷ್ಟು ಉದ್ದ ನಡೆದು ಬಂದು ಬೆಂಚಿನ ತುದಿಯಲ್ಲಿ ಕೂತಳು. ಅವರು ಬೈಂಡರಿನಲ್ಲಿ ಏನೋ ಬರೆದರು. ಅವಳು ಆ ಪೆನ್ನನ್ನೇ ನೋಡುತ್ತಿದ್ದಳು. ಅವರ ಮಗಳು ಪಿಚ್ ಮಾಡುತ್ತಿದ್ದಳು. ಮುಂದಿನ ಇನಿಂಗ್ಸೂ ಅವಳೇ. ಅವಳಿಗೂ ಖುಷಿ ಇದ್ದ ಹಾಗೆ ಕಾಣಲಿಲ್ಲ. ಪ್ರತಿ ಬಾಲ್ ಬಿಟ್ಟ ಮೇಲೆ ಕ್ಯಾಚರ್ ಕಡೆ ನೋಡದೆ ಅಪ್ಪನ ಕಡೆ ನೋಡುತ್ತಿದ್ದಳು.

ಆಟ ಮುಗಿದ ಮೇಲೆ ತಿಂಡಿ ಮಾರುವ ಸ್ನ್ಯಾಕ್ ಶ್ಯಾಕ್ ಹಿಂದೆ ನಿಂತು ಮಾತಾಡಿದೆ. ನನ್ನ ಕೈಯಲ್ಲಿ ಯಾರದೋ ನಾಚೋಸ್ ತಟ್ಟೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನಾನು ಯಾರಿಗೂ ಬೈದಿಲ್ಲವಲ್ಲ ಎಂದರು. ಹೌದು, ಬೈದಿರಲಿಲ್ಲ. ನನಗೂ ಇದನ್ನು ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಹತ್ತು ವರ್ಷದವರಿಗೆ ಸೋಲು ಗೆಲುವು ಕಲಿಸಬೇಡವೇ ಎಂದು ಕೇಳಿದರು. ಕಲಿಸಿ, ಆದರೆ ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದೆ. ಅವರ ತಂಡ ಆ ವರ್ಷ ಎರಡನೇ ಸ್ಥಾನಕ್ಕೆ ಬಂತು. ಮುಂದಿನ ನವೆಂಬರ್‌ನಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿ ತೆಗೆದು ನೋಡಿದೆ. ಆ ತಂಡದ ಹನ್ನೆರಡು ಹುಡುಗಿಯರಲ್ಲಿ ವಾಪಸ್ ಬಂದವರು ಐದು ಜನ. ಯೂಟ್ಯೂಬ್ ಅಪ್ಪನ ತಂಡ ಇದ್ದ ಆಟವೆಲ್ಲ ಸೋತಿತ್ತು. ಹನ್ನೊಂದು ಜನ ವಾಪಸ್ ಬಂದಿದ್ದರು. ಹಾಗೆಂದು ಯೂಟ್ಯೂಬೇ ಸಾಕು ಎಂದಲ್ಲ. ಅವರ ಹುಡುಗಿಯರಿಗೆ ಬೇಸ್ ಮೇಲೆ ಯಾವಾಗ ನಿಲ್ಲಬೇಕು ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಎರಡನೇ ವರ್ಷ ನಾನು ಮೊದಲು ಬದಲಿಸಿದ್ದು ಪ್ರಶ್ನೆಗಳನ್ನು. ಆಟದ ಬಗ್ಗೆ ಅರ್ಜಿಯಲ್ಲೇ ಬರೆಸಿಕೊಂಡೆ. ಎದುರು ಕೂತಾಗ ಕೇಳಿದ್ದು ಬೇರೆ. ಮೊದಲ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಬೆಂಚಿನ ಮೇಲೆ ಯಾರು ಕೂರುತ್ತಾರೆ? ನಿಮ್ಮ ಮಗಳು ಕೂರಬಹುದೇ? ಈ ಪ್ರಶ್ನೆ ಕೇಳಿದಾಗ ಬಾಯಿಗಿಂತ ಮೊದಲು ಮುಖ ಉತ್ತರ ಕೊಡುತ್ತದೆ. ಒಬ್ಬರು ನಕ್ಕು, ಅವಳಿಗಿಂತ ಅವಳಮ್ಮನನ್ನು ಒಪ್ಪಿಸಬೇಕು ಎಂದರು. ಒಳ್ಳೆಯ ಉತ್ತರ. ಇನ್ನೊಬ್ಬರು, ಅವಳು ನಮ್ಮ ಅತ್ಯುತ್ತಮ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಎಂದರು. ತಂಡವೇ ಇನ್ನೂ ಆಗಿಲ್ಲ, ಅತ್ಯುತ್ತಮ ಯಾರು ಎಂದು ಇವರಿಗೆ ಆಗಲೇ ಗೊತ್ತು! ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಬೇರೆಯವರ ಹೆಗ್ಗಣವನ್ನೂ ಸ್ವಲ್ಪ ಮುದ್ದು ಮಾಡುವವರು ನನಗೆ ಬೇಕಿತ್ತು.

ಇನ್ನೊಂದು ಪ್ರಶ್ನೆ. ನಿಮ್ಮ ಪಿಚರ್ ಸತತವಾಗಿ ಐದು ಜನರಿಗೆ ವಾಕ್ ಕೊಟ್ಟಳು, ಅಳುತ್ತಿದ್ದಾಳೆ. ನೀವು ವೃತ್ತಕ್ಕೆ ನಡೆದು ಹೋದಿರಿ. ಮೊದಲ ಮಾತು ಏನು? ಬಹಳ ಜನ ತಂತ್ರ ಹೇಳಿದರು. ಮೊಣಕೈ ಹೀಗೆ ಇಡು, ಹೆಜ್ಜೆ ಉದ್ದ ಹಾಕು. ಮೈಸೂರಿನವರೊಬ್ಬರು ಇದ್ದರು, ಸಾಫ್ಟ್‌ವೇರ್ ಕೆಲಸ, ಭಾನುವಾರ ಕ್ರಿಕೆಟ್. ಅವರು ಸ್ವಲ್ಪ ಯೋಚಿಸಿ, ರಾತ್ರಿ ಊಟಕ್ಕೆ ಏನು ಅಂತ ಕೇಳುತ್ತೇನೆ ಎಂದರು. ನಾನು ಅಲ್ಲೇ ಟಿಕ್ ಹಾಕಿದೆ.

ಎರಡನೆಯದು, ಅರ್ಜಿ ಹಾಕಿದವರೆಲ್ಲ ಜನವರಿಯ ಇವ್ಯಾಲ್ಯುಯೇಶನ್ ದಿನ ಸಹಾಯಕ್ಕೆ ಬರಬೇಕು ಎಂದು ಮಾಡಿದೆ. ಹೆಸರಿಗೆ ಸಹಾಯ. ನಾನು ಕ್ಲಿಪ್‌ಬೋರ್ಡ್ ಹಿಡಿದು ಹುಡುಗಿಯರಿಗೆ ಅಂಕ ಹಾಕುವ ಹಾಗೆ ನಟಿಸುತ್ತಾ ಅಪ್ಪ ಅಮ್ಮಂದಿರನ್ನು ನೋಡುತ್ತಿದ್ದೆ. ಸಂದರ್ಶನಕ್ಕಿಂತ ಇದೇ ಸಾವಿರ ಪಾಲು ಮೇಲು. ಯಾರು ಮಗುವಿನ ಹೆಸರು ಕೇಳಿ ಆಮೇಲೆ ಚೆಂಡು ಎಸೆಯುತ್ತಾರೆ? ಹೆಲ್ಮೆಟ್ಟಿನಲ್ಲಿ ಜಡೆ ಸಿಕ್ಕಿಕೊಂಡ ಹುಡುಗಿ ಯಾರ ಹತ್ತಿರ ಹೋಗುತ್ತಾಳೆ? ತನ್ನ ಮಗಳ ಸರದಿ ಬಂದಾಗ ಫೋನ್ ಎತ್ತಿಕೊಂಡು ಬೇಲಿ ಹತ್ತಿರ ಓಡುವವರು ಯಾರು? ಎರಡು ಗಂಟೆಯಲ್ಲಿ ಎಲ್ಲ ಬಯಲು.

ನರ್ಸ್ ಅಮ್ಮನನ್ನೂ ಆ ದಿನ ಸುಮ್ನೆ ಐಸ್‌ಪ್ಯಾಕ್ ಟೇಬಲ್ ನೋಡಿಕೊಳ್ಳಿ ಎಂದು ಕರೆದಿದ್ದೆ. ಅರ್ಧ ಗಂಟೆಯಲ್ಲಿ ಅವರು ಟೇಬಲ್ ಬಿಟ್ಟು ಕ್ಯಾಚರ್‌ಗಳ ಮಧ್ಯೆ ಮಂಡಿಯೂರಿ ಕೂತಿದ್ದರು. ಮುಖವಾಡ ಹಾಕಿಕೊಂಡರೆ ಕಣ್ಣು ಮುಚ್ಚುವ ಒಬ್ಬ ಹುಡುಗಿಗೆ, ಚೆಂಡನ್ನು ನಿಧಾನ ಅವಳ ಮುಖವಾಡಕ್ಕೇ ತಟ್ಟುತ್ತಾ, ನೋಡು ಏನೂ ಆಗಲ್ಲ ಎಂದು ತೋರಿಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಎಷ್ಟು ನಿಜ ನೋಡಿ. ಒಂದು ವರ್ಷ ನಾವು ಊರೆಲ್ಲ ಹುಡುಕಿದ್ದೆವು. ಈ ಸಲ ಫೋನಿನಲ್ಲಿ ಕೇಳದೆ ಅವರ ಮನೆಗೇ ಹೋದೆ. ನೈಟ್ ಶಿಫ್ಟ್ ಇದೆ, ಒಬ್ಬಳೇ ಆಗಲ್ಲ ಎಂದರು. ಇಬ್ಬರು ಸೇರಿ ಹೆಡ್ ಕೋಚ್ ಆಗಿ, ಎಂದೆ. ನಿಯಮ ಪುಸ್ತಕದಲ್ಲಿ ಹಾಗೆ ಬೇಡ ಎಂದೂ ಇರಲಿಲ್ಲ, ಬೇಕು ಎಂದೂ ಇರಲಿಲ್ಲ. ಅವರ ಜೋಡಿಯಾಗಿ ಮೈಸೂರಿನವರನ್ನು ಹಾಕಿದೆವು. ಪಿಚಿಂಗ್ ಕಲಿಸಲು ಪಕ್ಕದ ಹೈಸ್ಕೂಲಿನ ಇಬ್ಬರು ಪಿಚರ್ ಹುಡುಗಿಯರು ಭಾನುವಾರ ಬರುತ್ತೇವೆಂದರು. ಅವರು ಬಂದ ದಿನ ನಮ್ಮ ಮಕ್ಕಳ ಕಣ್ಣು ನೋಡಬೇಕಿತ್ತು. ಬೈಂಡರಿನ ನೂರು ಪುಟಕ್ಕಿಂತ ಹದಿನಾರು ವರ್ಷದ ಹುಡುಗಿಯ, ಮೇಲಕ್ಕೇರುವ ಹಾಗೆ ಕಾಣುವ ಒಂದು ರೈಸ್‌ಬಾಲ್ ದೊಡ್ಡದು.

ಬಿಸಿ ತುಪ್ಪ ಇನ್ನೂ ಬಾಯಲ್ಲೇ ಇತ್ತು. ಬೈಂಡರ್ ಕೋಚ್ ಮತ್ತೆ ಅರ್ಜಿ ಹಾಕಿದ್ದರು. ಬೋರ್ಡಿನಲ್ಲಿ ಎರಡು ಗಂಟೆ ವಾದ. ಅಷ್ಟು ದುಡಿದ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ ಎಂದು ಒಂದು ಕಡೆ. ಮೈದಾನಕ್ಕೆ ದುಡಿದದ್ದಕ್ಕೆ ತಂಡ ಕೊಡುವುದು ಸಂಬಳ ಕೊಟ್ಟ ಹಾಗೆ, ಮಕ್ಕಳು ಸಂಬಳದ ದುಡ್ಡಲ್ಲ ಎಂದು ಇನ್ನೊಂದು ಕಡೆ. ನಾನು ಏಳು ಹೆಸರಿನ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟೆ, ವಾಪಸ್ ಬಾರದ ಹುಡುಗಿಯರದ್ದು. ಪ್ರತಿ ಮನೆಗೂ ಫೋನ್ ಮಾಡಿ ಕೇಳಿದ್ದೆ. ಇಬ್ಬರು ಊರು ಬಿಟ್ಟಿದ್ದರು, ಒಬ್ಬಳು ಸಾಕರ್‌ಗೆ ಹೋಗಿದ್ದಳು. ಉಳಿದ ನಾಲ್ವರ ಕಥೆ ಒಂದೇ. ಮತ ಹಾಕಿದಾಗ ನಾಲ್ಕು ಮೂರು. ಹೆಡ್ ಕೋಚ್ ಬೇಡ, ಅಸಿಸ್ಟೆಂಟ್ ಆಗಿ ಇರಿ ಎಂದು ಕೇಳುವುದು ಎಂದಾಯಿತು. ಫೋನ್ ಮಾಡುವ ಭಾಗ್ಯ ನನ್ನದು.

ಅವರು ವಾದ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಶೆಡ್ಡಿನ ಕೀಲಿ ಯಾರಿಗೆ ಕೊಡಲಿ ಎಂದು ಕೇಳಿದರು. ನಿಮ್ಮ ಹತ್ತಿರವೇ ಇರಲಿ ಎಂದೆ. ಮರುದಿನ ನಮ್ಮ ಮೇಲ್‌ಬಾಕ್ಸಿನಲ್ಲಿ ಒಂದು ಕವರ್. ಒಳಗೆ ಎರಡು ಕೀಲಿ, ಒಂದು ಚೀಟಿ. ದೊಡ್ಡ ಬೀಗ ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ, ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿ ಎಂದು ಬರೆದಿತ್ತು. ಅಚ್ಚುಕಟ್ಟಾದ ಅಕ್ಷರ. ಮಗಳನ್ನು ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡಕ್ಕೆ ಸೇರಿಸಿದರು ಎಂದು ಆಮೇಲೆ ಕೇಳಿದೆ. ನಾವು ಮಾಡಿದ್ದು ಸರಿಯೇ ಎಂದು ಕೇಳಿದರೆ ಹೌದು ಅನ್ನುತ್ತೇನೆ. ಆದರೆ ಮೊದಲ ವರ್ಷ ಆ ಲೈಬ್ರರಿ ಕೋಣೆಯಲ್ಲಿ ನಾನು ಸರಿಯಾದ ಪ್ರಶ್ನೆ ಕೇಳಿದ್ದರೆ, ಸ್ನ್ಯಾಕ್ ಶ್ಯಾಕ್ ಹಿಂದೆ ಆ ವಾಕ್ಯ ಪೂರ್ತಿ ಮಾಡಿದ್ದರೆ, ಅವರಿಗೂ ಒಂದು ದಾರಿ ಇರುತ್ತಿತ್ತೋ ಏನೋ.

ನರ್ಸ್ ಮತ್ತು ಮೈಸೂರಿನವರ ತಂಡ ನಾಲ್ಕನೇ ಸ್ಥಾನಕ್ಕೆ ಬಂತು, ಆರರಲ್ಲಿ. ಮೈಸೂರಿನವರು ಮೂರನೇ ಬೇಸ್ ಹತ್ತಿರ ನಿಂತು ಉತ್ಸಾಹದಲ್ಲಿ ಓಡು ಓಡು ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಏಪ್ರಿಲ್ ಹೊತ್ತಿಗೆ ಡಗೌಟಿನಲ್ಲಿದ್ದ ಮೆಕ್ಸಿಕನ್, ಚೀನೀ, ವಿಯೆಟ್ನಾಂ ಮನೆಗಳ ಹುಡುಗಿಯರೆಲ್ಲ ಓಡು ಓಡು ಅನ್ನತೊಡಗಿದರು. ಎದುರು ತಂಡದ ಕೋಚ್ ಬಂದು ಅದು ಗುಟ್ಟಿನ ಸಿಗ್ನಲ್ ಎಂದು ಅಂಪೈರ್ ಹತ್ತಿರ ದೂರು ಕೊಟ್ಟರು. ಅಂಪೈರ್ ನನ್ನನ್ನು ಕರೆದು ಅರ್ಥ ಕೇಳಿದರು. ಹೇಳಿದೆ. ಅವರು ಆಟ ಮುಂದುವರಿಸಿ ಎಂದರು. ಆ ತಂಡದ ಹನ್ನೆರಡರಲ್ಲಿ ಹತ್ತು ಜನ ಈ ವರ್ಷ ಮತ್ತೆ ಬಂದಿದ್ದಾರೆ. ಮುಖವಾಡದ ಹುಡುಗಿ ಈಗಲೂ ಕ್ಯಾಚರ್.

ಬರುವ ಶನಿವಾರ ಈ ವರ್ಷದ ಇವ್ಯಾಲ್ಯುಯೇಶನ್. ಮಳೆ ಬರುತ್ತದೆ ಅನ್ನುತ್ತಿದ್ದಾರೆ. 12ಯುಗೆ ಇನ್ನೂ ಒಬ್ಬ ಕೋಚ್ ಕಡಿಮೆ ಇದ್ದಾರೆ. ಪಟ್ಟಿಯಲ್ಲಿ ಎಂಟು ಮನೆ ಉಳಿದಿವೆ, ಊಟವಾದ ಮೇಲೆ ಫೋನ್ ಹಿಡಿದು ಕೂರಬೇಕು. ಈ ಸಲ ಮೊದಲು ಅಮ್ಮಂದಿರಿಗೆ.